ಲಗ್ನಪತ್ರಿಕೆಯ ಬಳ್ಳಿಯಕ್ಷರ

ಮದುವೆ ಕಾರ್ಡು ಕೈಗೆ ಬಂದರೆ ಜನ ಮೊದಲು ಮುಹೂರ್ತ ನೋಡುತ್ತಾರೆ, ಆಮೇಲೆ ಕಲ್ಯಾಣ ಮಂಟಪ ಎಲ್ಲಿದೆ ಎಂದು ನೋಡುತ್ತಾರೆ. ಹಿರಿಯರಾದರೆ ತಮ್ಮ ಹೆಸರು ಬಿಟ್ಟುಹೋಗಿದೆಯೋ ಏನೋ ಎಂದು ಕೆಳಗಿನ ಸಾಲುಗಳ ಮೇಲೆ ಬೆರಳಾಡಿಸುತ್ತಾರೆ. ನಾನು ತಲಕಟ್ಟು ನೋಡುತ್ತೇನೆ. ಅಕ್ಷರದ ನೆತ್ತಿಯ ಮೇಲಿನ ಆ ಸಣ್ಣ ಗೆರೆ ಎಡಗಡೆ ತುಸು ತಗ್ಗಿ, ಬಲಗಡೆ ಏರಿ, ಪಕ್ಕದ ಅಕ್ಷರದ ಮೇಲೆ ಬಳ್ಳಿಯ ಕುಡಿಯ ಹಾಗೆ ಚಾಚಿಕೊಂಡಿದ್ದರೆ ಅದು ನಮ್ಮ ಅಕ್ಷರ. ನಮ್ಮದು ಎನ್ನುವುದನ್ನು ಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಬಾಯಿ ಕೇಳುವುದಿಲ್ಲ.

ಹೊಸಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕಾರ್ಡಿನ ಅಂಗಡಿ ಇದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಮ್ಯಾಟರ್ ಜೋಡಿಸುವುದು ನನ್ನ ಕೆಲಸ. ಡಿಗ್ರಿ ಮುಗಿಸಿದ ವರ್ಷ ಕಡ್ಡಿರಾಂಪುರದಿಂದ ಬಸ್ ಹತ್ತಿ ಬಂದವಳು ಇವತ್ತಿಗೂ ಅದೇ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನೂರಾರು ಜೋಡಿಗಳನ್ನು ಈ ಕೈಯಲ್ಲಿ ಅಕ್ಕಪಕ್ಕ ಕೂರಿಸಿದ್ದೇನೆ. ಕಾರ್ಡಿನಲ್ಲಿ ಯಾರದೋ ಅಳಿಯನ ಹೆಸರು ಬಿಟ್ಟುಹೋಗಿ, ಆ ಅಳಿಯ ಪಂಕ್ತಿಯಿಂದ ಎದ್ದು ಹೋದ ಕತೆಗಳು ನಮ್ಮಲ್ಲಿ ಬೇಕಾದಷ್ಟು. ಹಾಗಾಗಿ ನಮ್ಮ ಅಂಗಡಿಯಲ್ಲಿ ಮ್ಯಾಟರನ್ನು ಭಕ್ತಿಯಿಂದಲ್ಲ, ಭಯದಿಂದ ಓದುತ್ತೇವೆ.

ಆ ಬಳ್ಳಿಯಕ್ಷರವನ್ನು ಬರೆದವನು ಕಂಪ್ಲಿಯವನು. ಕಂಪ್ಯೂಟರಿಗೆ ಇಳಿಸಿದವಳು ನಾನು. ನಾನು ಅವನನ್ನು ಪ್ರೀತಿಸುತ್ತಿದ್ದೆ, ಅವನೂ ನನ್ನನ್ನು ಪ್ರೀತಿಸುತ್ತಿದ್ದ. ಎರಡನೆಯ ಮಾತನ್ನು ಈಗಲೂ ಅಳಿಸಲು ಮನಸ್ಸಿಲ್ಲ. ಅವನು ಪ್ರೀತಿಸುತ್ತಲೇ ಇರಲಿಲ್ಲ ಎಂದು ನನಗೆ ಸಮಾಧಾನ ಹೇಳಲು ಬಂದವರಿದ್ದಾರೆ. ಅವರು ಆ ತಲಕಟ್ಟುಗಳನ್ನು ಸರಿಯಾಗಿ ನೋಡಿಲ್ಲ.

ಮೊದಲ ಸಲ ಅವನು ಬಂದದ್ದು ಅಕ್ಕನ ಮದುವೆ ಕಾರ್ಡಿನ ಪ್ರೂಫ್ ನೋಡಲು. ಅವರದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಅಣ್ಣ ಗಿರಣಿ ನೋಡಿಕೊಳ್ಳುತ್ತಿದ್ದ, ಇವನು ಚಿತ್ರಕಲೆ ಓದಿ ಬಂದು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ. ಪ್ರೂಫ್ ನೋಡಿದವನೇ ಮುಖ ಸಿಂಡರಿಸಿ, "ಏನ್ರಿ ಮೇಡಂ ಇದು, ಹುಡುಗಿ ಹೆಸರು ಗೊಬ್ಬರದ ಚೀಲದ ಮ್ಯಾಲಿನ ಅಕ್ಷರ ಇದ್ದಂಗ ಐತಿ" ಎಂದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ನಮ್ಮ ಕಡೆ ಇರೋ ಅಕ್ಷರ ಇವ ರೀ. ಬ್ಯಾಡಂದ್ರ ನೀವ ಬರ್ಕೊಂಡು ಬರ್ರಿ" ಎಂದೆ.

ಅವನು ನಿಜವಾಗಿಯೂ ಬರೆದುಕೊಂಡು ಬಂದ. ಬಿದಿರು ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಕಪ್ಪು ಶಾಯಿಯಲ್ಲಿ ಅದ್ದಿ, ಡ್ರಾಯಿಂಗ್ ಹಾಳೆಯ ಮೇಲೆ ಅಕ್ಕ ಭಾವನ ಹೆಸರು ಬರೆದಿದ್ದ. ದಪ್ಪ ಗೆರೆ ಇಳಿಯುತ್ತ ಇಳಿಯುತ್ತ ಕೂದಲೆಳೆಯಷ್ಟು ಸಣ್ಣಗಾಗಿ, ತಿರುಗಿ, ಮತ್ತೆ ತುಂಬಿಕೊಳ್ಳುತ್ತಿತ್ತು. ಕೊಂಬುಗಳು ಸುರುಳಿ ಸುತ್ತಿದ್ದವು. ಒತ್ತಕ್ಷರಗಳು ಕೆಳಗೆ ಕಿವಿಯ ಜುಮುಕಿಯ ಹಾಗೆ ತೂಗುತ್ತಿದ್ದವು. ನಾನು ಹುಟ್ಟಿದಾಗಿನಿಂದ ಓದಿದ ಅಕ್ಷರಗಳೇ, ಆದರೆ ಅಷ್ಟು ಸಿಂಗಾರ ಮಾಡಿಕೊಂಡದ್ದನ್ನು ನೋಡಿರಲಿಲ್ಲ. ಸಿಟ್ಟೆಲ್ಲ ಎಲ್ಲಿ ಹೋಯಿತೋ. "ಇದನ್ನ ಸ್ಕ್ಯಾನ್ ಮಾಡ್ತೀನಿ ತಡೀರಿ" ಎಂದೆ. ಆವತ್ತೇ ಶುರುವಾಯಿತು ಎನ್ನಬೇಕು, ಅಕ್ಷರವೂ ಅದರ ಜೊತೆಗಿನದೂ.

ಒಂದು ಕಾರ್ಡಿಗೆ ಬರೆದರೆ ಒಂದು ಕಾರ್ಡಿಗಾಯಿತು. ಫಾಂಟ್ ಮಾಡಿದರೆ ಊರಿಗೆಲ್ಲ ಆಗುತ್ತದೆ. ನಾನು ವಿಡಿಯೋ ನೋಡಿ ನೋಡಿ ಫಾಂಟ್ ಮಾಡುವುದನ್ನು ಕಲಿತೆ. ಅವನು ವಾರಪೂರ್ತಿ ಬರೆದದ್ದನ್ನು ಭಾನುವಾರ ತರುತ್ತಿದ್ದ. ನಾನು ಸ್ಕ್ಯಾನ್ ಮಾಡಿ, ಅಕ್ಷರದ ಅಂಚಿನ ಮೇಲೆ ಚುಕ್ಕೆ ಇಟ್ಟು, ಗೆರೆ ಎಳೆದು, ಒಂದೊಂದನ್ನೇ ಅದರದರ ಗೂಡಿನಲ್ಲಿ ಕೂರಿಸುತ್ತಿದ್ದೆ. ಅಂಗಡಿಯ ಮಾಲೀಕರು ವಯಸ್ಸಾದ ಸಾಹೇಬರು. ಭಾನುವಾರ ಅರ್ಧ ದಿನ ಮಾತ್ರ ಅಂಗಡಿ ತೆಗೆಯುತ್ತಿದ್ದವರು ನಮಗೋಸ್ಕರ ಪೂರ್ತಿ ತೆರೆದಿಡುತ್ತಿದ್ದರು. ಎದುರಿನ ಕುರ್ಚಿಯಲ್ಲಿ ಕೂತು ಪೇಪರ್ ಹಿಡಿದು ತೂಕಡಿಸುತ್ತ, ನಮ್ಮ ಜಗಳ ಜೋರಾದಾಗ ಮಾತ್ರ ಕಣ್ಣು ಬಿಟ್ಟು "ಸಾವಕಾಶ ಬೇಟಾ, ಸಾವಕಾಶ" ಎನ್ನುತ್ತಿದ್ದರು.

ಜಗಳ ಏನಿದ್ದರೂ ತಲಕಟ್ಟಿನದು. ಅವನಿಗೆ ಅದು ಇನ್ನೂ ಉದ್ದ ಚಾಚಬೇಕು. ನನಗೆ, ಪಕ್ಕದ ಅಕ್ಷರದ ತಲೆಗೆ ಬಡಿಯಬಾರದು. "ಕಾಗದದ ಮ್ಯಾಲೆ ನೀ ಮುಂದಿನ ಅಕ್ಷರ ನೋಡ್ಕೊಂಡು ಬರೀತಿ. ಇಲ್ಲಿ ಯಾವ ಅಕ್ಷರದ ಪಕ್ಕಕ್ಕ ಯಾವುದು ಬಂದು ಕುಂದ್ರತೈತೋ ಯಾರಿಗೊತ್ತು?" ಎಂದು ನಾನು. "ಯಾರು ಬಂದು ಕುಂತ್ರೂ ಹೊಂದ್ಕೊಂಡು ಹೋಗಬೇಕಲೇ, ಅದಕ್ಕ ಬಳ್ಳಿ ಅನ್ನೋದು" ಎಂದು ಅವನು. ಅಷ್ಟರಲ್ಲಿ ಅವನು ನನಗೆ ಲೇ ಅನ್ನತೊಡಗಿದ್ದ. ನಮ್ಮ ಕಡೆ ಆ ಒಂದು ಅಕ್ಷರಕ್ಕೆ ಎಷ್ಟು ಸಲಿಗೆ ಇದೆ ಎಂದು ಬೇರೆ ಕಡೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಮೊದಲ ಸಲ ಅಂದಾಗ ಸಿಟ್ಟು ಬಂದ ಹಾಗೆ ಮಾಡಿದೆ. ಮನೆಗೆ ಹೋಗುವ ಬಸ್ಸಿನಲ್ಲಿ ಅದನ್ನೇ ಮತ್ತೆ ಮತ್ತೆ ಕೇಳಿಸಿಕೊಂಡೆ.

ಅಕ್ಷರಗಳು ಕೂತ ಮೇಲೆ ಟೈಪ್ ಮಾಡಿ ನೋಡಲು ಯಾವುದಾದರೂ ಎರಡು ಹೆಸರು ಬೇಕಲ್ಲ. ನಾವು ನಮ್ಮವೇ ಹಾಕುತ್ತಿದ್ದೆವು. ಎಡಗಡೆ ಅವನ ಹೆಸರು, ಬಲಗಡೆ ನನ್ನದು. ಯಾವ ಗೆರೆ ಎಲ್ಲಿ ತಾಕುತ್ತದೆ, ಎಷ್ಟು ಜಾಗ ಬಿಡಬೇಕು ಎನ್ನುವುದನ್ನೆಲ್ಲ ಆ ಎರಡು ಹೆಸರುಗಳ ಮೇಲೆಯೇ ತಿದ್ದಿದ್ದು. ಈಗಲೂ ಆ ಫಾಂಟಿನಲ್ಲಿ ಬೇರೆ ಹೆಸರುಗಳು ಚೆನ್ನಾಗಿ ಕಾಣುತ್ತವೆ, ಆದರೆ ಆ ಎರಡು ಹೆಸರು ಹೊಂದಿದಷ್ಟು ಯಾವುವೂ ಹೊಂದುವುದಿಲ್ಲ. ಇದನ್ನು ದುಃಖದಲ್ಲಿ ಹೇಳುತ್ತಿಲ್ಲ, ಕೆಲಸ ಮಾಡಿದವಳಾಗಿ ಹೇಳುತ್ತಿದ್ದೇನೆ. ದುಃಖದಲ್ಲೂ ಹೇಳುತ್ತಿದ್ದೇನೆ.

ಒಮ್ಮೆ ಅವನು ನನ್ನನ್ನು ಹಂಪಿಗೆ ಕರೆದುಕೊಂಡು ಹೋದ, ಕಲ್ಲಿನ ಮೇಲಿನ ಹಳೆಯ ಬರಹ ತೋರಿಸಲು. ನಮ್ಮೂರಿನಿಂದ ಹಂಪಿ ಕೂಗಳತೆ. ಚಿಕ್ಕವಳಿದ್ದಾಗ ಅಲ್ಲಿ ಸೌತೆಕಾಯಿ ಮಾರಿದವಳು ನಾನು. ಆ ಬಂಡೆಗಳಿಗೆ ಒರಗಿ ಉಂಡಿದ್ದೇನೆ, ನಿದ್ದೆ ಮಾಡಿದ್ದೇನೆ, ಮೇಲೆ ಏನು ಬರೆದಿದೆ ಎಂದು ತಲೆ ಎತ್ತಿ ನೋಡಿರಲಿಲ್ಲ. ಅವನು ಕಲ್ಲಿನ ಮೇಲೆ ಬೆರಳಾಡಿಸುತ್ತ, ಕೆತ್ತಿದವನ ಕೈ ಎಲ್ಲಿ ದಣಿದಿದೆ ಎಂದು ತೋರಿಸಿದ. ನಾನು ಅಕ್ಷರ ಬಿಟ್ಟು ಅವನ ಬೆರಳನ್ನೇ ನೋಡಿದೆ. ಬರುವಾಗ ನಮ್ಮೂರ ರಸ್ತೆ ಬದಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದೆವು. ಮನೆ ಅಲ್ಲೇ ಹತ್ತಿರವಿತ್ತು. ಬರ್ತೀಯಾ ಎಂದು ಕೇಳಿದೆ. "ಇವತ್ತು ಬ್ಯಾಡ" ಎಂದ. "ಅಕ್ಷರದ ಕೆಲಸ ಮುಗೀಲಿ. ನಮ್ಮಪ್ಪನ ಮುಂದ ಇಟ್ಟು, ಇದು ನಾ ಮಾಡಿದ್ದು, ಇದನ್ನ ನನ್ನ ಜೊತಿ ಮಾಡಿದಾಕಿ ಇಂಥಾಕಿ ಅಂತ ಹೇಳ್ತೀನಿ. ಆಮ್ಯಾಲೆ ನಿಮ್ಮನಿಗೆ ಬರ್ತೀನಿ, ಸುಮ್ನ ಅಲ್ಲ, ಕೇಳಾಕ ಬರ್ತೀನಿ."

ಹೀಗೆ ನನ್ನ ಬದುಕು ಒಂದು ಫಾಂಟಿಗೆ ಗಂಟುಬಿತ್ತು. ಅದು ಮುಗಿದ ದಿನ ಅವನು ಮನೆಯಲ್ಲಿ ಬಾಯಿ ಬಿಡುತ್ತಾನೆ. ಅಲ್ಲಿಯವರೆಗೆ ಕಾಯಬೇಕು.

ನನ್ನ ಅವ್ವನಿಗೆ ವಿಷಯ ಗೊತ್ತಿತ್ತು, ನಾನೇ ಹೇಳಿದ್ದೆ. ನಮ್ಮದು ಬುದ್ಧನ ಪಟ ಇಟ್ಟುಕೊಂಡ ಮನೆ. ಅವ್ವ ಭತ್ತದ ಗದ್ದೆಗಳಲ್ಲಿ ನಾಟಿ ಮಾಡಿ ನನ್ನನ್ನು ಓದಿಸಿದವಳು. ಹುಡುಗ ಒಳ್ಳೆಯವನೇ ಎಂದು ಕೇಳಲಿಲ್ಲ, ಯಾವ ಮನೆಯವರು ಎಂದು ಕೇಳಿದಳು. ಹೇಳಿದೆ. ಅಕ್ಕಿ ಆರಿಸುತ್ತಲೇ, "ಅಂಥಾ ಗಿರಣಿ ಅಂಗಳದಾಗ ನಾ ಭತ್ತ ಹರವೀನಿ. ನೀರು ಕೇಳಿದ್ರ ಮ್ಯಾಲಿಂದ ಬೊಗಸಿಗೆ ಹಾಕ್ತಿದ್ರು. ಅಂಗಳ ದಾಟಿ ಪಡಸಾಲಿಗೆ ಕಾಲಿಟ್ಟಿಲ್ಲ ನಾನು. ನೀ ಸೀದಾ ಅಡಗಿ ಮನಿಗೆ ಹೊಂಟೀಯಲ್ಲವ್ವಾ" ಎಂದಳು. ಅಣಕಿಸಲು ಹೇಳಿದ್ದಲ್ಲ, ಹೆದರಿ ಹೇಳಿದ್ದು. ಕಾಲ ಬದಲಾಗಿದೆ ಎಂದು ನಾನು ಭಾಷಣ ಮಾಡಿದೆ. ಅವ್ವ "ಆಗಿದ್ರ ಚೊಲೋನ ಆತು" ಎಂದು ಮೊರ ಕೊಡವಿದಳು.

ಆದರೆ ಕನ್ನಡದ ಅಕ್ಷರ ಮುಗಿಯುವ ಬಾಬತ್ತೇ ಅಲ್ಲ. ಒಂದು ಕ ಬರೆದರೆ ಆಗಲಿಲ್ಲ. ಅದಕ್ಕೆ ಗುಡಿಸು, ಕೊಂಬು, ಏತ್ವ, ಓತ್ವ ಎಲ್ಲ ಹಚ್ಚಬೇಕು. ಆಮೇಲೆ ಅದರ ಬುಡಕ್ಕೆ ಬರುವ ಒತ್ತುಗಳು. ಒತ್ತಿಗೆ ಒತ್ತು ಬಿದ್ದರೆ ಇನ್ನೊಂದು ಅವತಾರ. ನಾನು ಒಂದು ಸಾಲು ಮುಗಿಸಿದರೆ ಅವನು ಇನ್ನೊಂದು ಹಾಳೆ ತರುತ್ತಿದ್ದ. ಹೆಸರುಗಳಲ್ಲಿ ಬರುವ ಒತ್ತುಗಳೆಲ್ಲ ಆದವು. ಹೆಸರುಗಳಲ್ಲಿ ಅಷ್ಟಾಗಿ ಬಾರದವನ್ನು ಬಿಟ್ಟೆವು. ಆದರೂ ಅವನಿಗೆ ಸಮಾಧಾನವಿಲ್ಲ. ಶ್ರೀಕಾರ ಸಾಲದು, ಇನ್ನೊಂದು ಥರ ಬೇಕು, ಸಾಲಿನ ಕೊನೆಯ ಅಕ್ಷರಕ್ಕೆ ಉದ್ದ ಬಾಲದ ತಲಕಟ್ಟು ಬೇಕು, ಅಂಕಿಗಳು ಬೇಕು, ಅಂಕಿ ಆದ ಮೇಲೆ ಹೂಬಳ್ಳಿಯ ಅಂಚು ಬೇಕು. ಮೊದಮೊದಲು ಇವನಿಗೆಷ್ಟು ಶ್ರದ್ಧೆ ಎಂದು ಹೆಮ್ಮೆಪಟ್ಟೆ. ನಿಧಾನವಾಗಿ ತಿಳಿಯಿತು: ಅವನಿಗೆ ಮುಗಿಸಲು ಭಯ. ಅಪ್ಪನ ಮುಂದೆ ನಿಲ್ಲುವುದಕ್ಕಿಂತ ಇನ್ನೊಂದು ಬಾಲ ಬರೆಯುವುದು ಅವನಿಗೆ ಹಗುರವಾಗಿತ್ತು. ನಾನು ಕೇಳಬಹುದಿತ್ತು. ಕೇಳಿದರೆ ಉತ್ತರ ಬರುತ್ತದಲ್ಲ. ಹಾಗಾಗಿ ಚುಕ್ಕೆ ಇಡುತ್ತಾ ಹೋದೆ.

ಸಂಡೂರಿನಲ್ಲಿ ಒಂದು ಸೀರೆ ಅಂಗಡಿಯವರು ನಮ್ಮ ಅಕ್ಷರದಲ್ಲಿ ಬೋರ್ಡು ಮಾಡಿಸಿದರು. ಅದನ್ನು ನೋಡಲು ಇಬ್ಬರೂ ಹೋದೆವು. ಅದಿರಿನ ಲಾರಿಗಳು ಓಡಾಡುವ ರಸ್ತೆ. ಬೋರ್ಡು ಹಾಕಿ ವಾರವಾಗಿರಲಿಲ್ಲ, ಆಗಲೇ ತಲಕಟ್ಟುಗಳ ಮೇಲೆಲ್ಲ ಕೆಂಪು ಧೂಳು ಕೂತಿತ್ತು. ಆದರೂ ಎಷ್ಟು ಚೆನ್ನಾಗಿತ್ತು! ಕಾಗದದ ಮೇಲೆ ಹೆಬ್ಬೆರಳಿನಷ್ಟಿದ್ದ ಅಕ್ಷರ ಅಲ್ಲಿ ಆಳೆತ್ತರ ಎದ್ದು ನಿಂತಿತ್ತು. ಅವನ ಕಣ್ಣು ತುಂಬಿದವು, ನನ್ನವೂ ತುಂಬಿದವು. ಫೋನು ತೆಗೆದು, "ಸ್ವಲ್ಪ ಸರಿಲೇ, ಬೋರ್ಡ್ ಪೂರ್ತಿ ಬರ್ಲಿ" ಎಂದ. ಸರಿದೆ. ಸಾಕಷ್ಟು ಸರಿಯಲಿಲ್ಲ ಎಂದು ಕಾಣುತ್ತದೆ, ಫೋಟೋದ ಮೂಲೆಯಲ್ಲಿ ನನ್ನ ದುಪಟ್ಟಾದ ಚೂರು ಬಂದಿತ್ತು. ಸಂಜೆ ಅವನು ಸ್ಟೇಟಸ್ಸಿಗೆ ಹಾಕಿದ ಫೋಟೋದಲ್ಲಿ ಆ ಚೂರು ಇರಲಿಲ್ಲ. ಕತ್ತರಿಸಿ ಹಾಕಿದ್ದ. ಬಸ್ಸಿನಲ್ಲಿ ಕೂತು ಅದನ್ನು ನೋಡಿದವಳು ಮುಂದಿನ ಸೀಟಿಗೆ ಹಣೆ ಇಟ್ಟುಕೊಂಡೆ.

ಆ ಮಳೆಗಾಲದಲ್ಲಿ ಅವನು ಬರುವುದು ಕಡಿಮೆಯಾಯಿತು. ಒಂದು ಭಾನುವಾರ ಫೋನ್ ಮಾಡಿದರೆ, "ಡ್ಯಾಂದಾಗಿಂದ ನೀರು ಬಿಟ್ಟಾರ, ಕಂಪ್ಲಿ ಸೇತುವಿ ಮುಳುಗೇತಿ. ಹೆಂಗ ಬರ್ಲಿ?" ಎಂದ. ಸೇತುವೆ ಮುಳುಗಿದ್ದು ನಿಜ, ಟಿವಿಯಲ್ಲೂ ತೋರಿಸುತ್ತಿದ್ದರು. ಆದರೆ ಆ ಸೇತುವೆ ಇರುವುದು ಹೊಳೆ ದಾಟಿ ಗಂಗಾವತಿಗೆ ಹೋಗುವವರಿಗೆ. ಕಂಪ್ಲಿಯಿಂದ ಹೊಸಪೇಟೆಗೆ ಬರಲು ಹೊಳೆಯನ್ನೇ ದಾಟಬೇಕಿಲ್ಲ. ನಮ್ಮ ಸೀಮೆಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಅವನಿಗೂ ಗೊತ್ತು, ನನಗೆ ಗೊತ್ತೆನ್ನುವುದೂ ಅವನಿಗೆ ಗೊತ್ತು. ಸುಳ್ಳು ಹೇಳುವಾಗಲಾದರೂ ಸ್ವಲ್ಪ ಕಷ್ಟಪಟ್ಟು ಹೇಳಬಾರದಿತ್ತೇ? "ಹೌದಾ, ಹುಷಾರು" ಎಂದು ಫೋನಿಟ್ಟೆ. ಆಮೇಲೆ ನೀರು ಇಳಿಯಿತು, ಸೇತುವೆ ಎದ್ದಿತು, ಅವನು ಬರಲಿಲ್ಲ.

ಬಂದವರು ಅವನ ಅಪ್ಪ.

ಬಿಳಿ ಧೋತರ, ಹಣೆಯ ಮೇಲೆ ವಿಭೂತಿ, ಮಾತಿನಲ್ಲಿ ತೂಕ. ಗಿರಣಿಯ ಹೆಸರು ಹೇಳಿದ ಕೂಡಲೇ ನನಗೆ ತಿಳಿಯಿತು. ಕಿವಿ ಥೇಟ್ ಮಗನದೇ. ಮಾಲೀಕರು ಕುರ್ಚಿ ಒರೆಸಿ, "ಬರ್ರಿ, ಕುಂದ್ರಿ" ಎಂದರು. ನಾನು ನೀರು ತಂದು ಕೊಟ್ಟೆ. "ಯಾವೂರು ತಂಗಿ?" ಎಂದರು. ಹೇಳಿದೆ. "ಕಡ್ಡಿರಾಂಪುರದಾಗ ಯಾರ ಪೈಕಿ?" ಎಂದರು. ಅದನ್ನೂ ಹೇಳಿದೆ, ನಾನು ಎಲ್ಲೂ ಮುಚ್ಚಿಟ್ಟವಳಲ್ಲ. "ಹಾಂ, ಹಾಂ, ಚೊಲೋ ಆತು" ಎಂದರು. ನೀರು ಟೇಬಲ್ಲಿನ ಮೇಲೆ ಹಾಗೇ ಉಳಿಯಿತು. ಬಾಯಾರಿಕೆ ಇರಲಿಲ್ಲವೇನೋ. ಜನರ ಬಗ್ಗೆ ಒಳ್ಳೆಯದನ್ನೇ ನೆನೆಯಬೇಕೆಂದು ಪ್ರಯತ್ನ ಮಾಡುತ್ತೇನೆ, ಒಮ್ಮೊಮ್ಮೆ ಆಗುತ್ತದೆ.

ಸ್ಯಾಂಪಲ್ ಪುಸ್ತಕ ತಿರುವುತ್ತ ಹೋದವರು ಒಂದು ಕಡೆ ಬೆರಳಿಟ್ಟು, "ಇದು. ಈ ಅಕ್ಷರದಾಗ ಆಗ್ಲಿ. ಹುಡುಗ ಹುಡುಗಿ ಹೆಸರು ಇದರಾಗ, ಉಳಿದದ್ದು ನಿಮ್ಮ ಇಷ್ಟ" ಎಂದರು. ಬೆರಳಿಟ್ಟದ್ದು ನಮ್ಮ ಬಳ್ಳಿಯಕ್ಷರದ ಮೇಲೆ. ತಮ್ಮ ಮಗ ಬರೆದದ್ದು ಎಂದು ಅವರಿಗೆ ಗೊತ್ತೇ ಇರಲಿಲ್ಲ; ಮಗಳ ಕಾರ್ಡಿನಲ್ಲಿ ಇದ್ದದ್ದನ್ನೂ ಅಂಗಡಿಯ ಅಕ್ಷರವೆಂದೇ ತಿಳಿದಿದ್ದರು. ಅಷ್ಟು ವರ್ಷ ಮಗ ಏನು ಗೀಚುತ್ತಾನೆ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಅವನ ಮದುವೆಯ ಮ್ಯಾಟರ್ ಹಾಳೆ ಕೊಟ್ಟು ಅವರು ಎದ್ದರು. ಅವರು ಹೋದ ಮೇಲೆ ಮಾಲೀಕರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿ, ತಲೆ ತಗ್ಗಿಸಿ, "ನೀ ಮನಿಗೆ ಹೋಗು ಬೇಟಾ. ಇದನ್ನ ನಾ ಬ್ಯಾರೆ ಅಂಗಡಿಗೆ ಕೊಟ್ಟು ಮಾಡಸ್ತೀನಿ" ಎಂದರು. ನಾನು ಹೋಗಲಿಲ್ಲ. ಯಾಕೆ ಎಂದು ಈಗಲೂ ನನ್ನನ್ನು ಕೇಳುತ್ತಾರೆ. ಬೇರೆಯವರು ಮಾಡಿದರೆ ತಲಕಟ್ಟಿನ ಜಾಗ ಸರಿಯಾಗಿ ಬಿಡುವುದಿಲ್ಲ, ಅಷ್ಟೇ. ಇದನ್ನು ಯಾರೂ ನಂಬುವುದಿಲ್ಲ.

ಮೊದಲು ಉಳಿದದ್ದನ್ನೆಲ್ಲ ಜೋಡಿಸಿದೆ. ನಮ್ಮ ಅಕ್ಷರ ದೊಡ್ಡದಾಗಿ ಹಾಕಲು ಮಾತ್ರ ಬರುತ್ತದೆ. ಸಣ್ಣದು ಮಾಡಿದರೆ ಬಳ್ಳಿ ಬಳ್ಳಿಗೆ ತೊಡಕಿಕೊಂಡು ಏನೂ ಓದಲಾಗುವುದಿಲ್ಲ. ಮನೆತನ, ಅಜ್ಜ ಮುತ್ತಜ್ಜ, ಬೀಗರು, ಕಾಕಾ ಮಾಮಾ, ಕಲ್ಯಾಣ ಮಂಟಪ, ಇವೆಲ್ಲ ಸಾದಾ ಅಕ್ಷರದಲ್ಲೇ ಬರಬೇಕು. ಇಷ್ಟು ವರ್ಷ ಎಷ್ಟೋ ಕಾರ್ಡು ಮಾಡಿದ್ದೆ, ಆವತ್ತು ಮೊದಲ ಸಲ ಕಣ್ಣಿಗೆ ಬಿತ್ತು: ಮದುವೆ ಕಾರ್ಡಿನಲ್ಲಿ ಸಿಂಗಾರದ ಅಕ್ಷರ ಎರಡೇ ಹೆಸರಿಗೆ, ಉಳಿದದ್ದೆಲ್ಲ ಸಾದಾ ಅಕ್ಷರದವರ ಮದುವೆ. ಅವರು ಒಪ್ಪಿದರೆ ಉಂಟು. ಕೊನೆಯಲ್ಲಿ ಅವನ ಅಣ್ಣನ ಮಕ್ಕಳ ಸಾಲು: ನಮ್ಮ ಕಾಕಾನ ಮದುವೆಗೆ ತಪ್ಪದೇ ಬನ್ನಿ. ಅದನ್ನೂ ಟೈಪ್ ಮಾಡಿದೆ.

ಆಮೇಲೆ ಅವನ ಹೆಸರು. ಕಣ್ಣು ಮುಚ್ಚಿ ಒತ್ತಿದರೂ ಬರುವ ಹೆಸರು. ಚೆಂದವಾಗಿ ಬಂದು ಕೂತಿತು. ಅದರ ಕೊನೆಯ ತಲಕಟ್ಟು ಬಲಕ್ಕೆ ಚಾಚಿ ನಿಂತಿತು, ಅಭ್ಯಾಸದಂತೆ. ಅದರ ಪಕ್ಕ ಆ ಹುಡುಗಿಯ ಹೆಸರು ಒತ್ತಿದೆ. ಅಕ್ಷರಗಳು ಬಂದವು, ಒಂದು ಒತ್ತು ಬರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ಖಾಲಿ ಚೌಕ ಬಂದು ಕೂತಿತು.

ಯಾವ ಒತ್ತು ಎಂದು ಹೇಳಿದರೆ ಹೆಸರು ಗೊತ್ತಾಗಿಬಿಡುತ್ತದೆ. ಆ ಹುಡುಗಿ ನನಗೇನೂ ಮಾಡಿಲ್ಲ, ಹೇಳುವುದಿಲ್ಲ. ನಾವು ಬಿಟ್ಟಿದ್ದ ಒತ್ತುಗಳಲ್ಲಿ ಅದೂ ಒಂದು. "ಇದು ಬ್ಯಾಡ ಬಿಡಲೇ, ಇಂಥಾ ಹೆಸರು ನಮ್ಮ ಕಡೆ ಯಾರು ಇಟ್ಕೊಂತಾರ" ಎಂದು ಅವನೇ ಹೇಳಿದ್ದ.

ಮಾಲೀಕರು ಅವನ ಅಪ್ಪನಿಗೆ ಫೋನ್ ಹಚ್ಚಿ, ಹುಡುಗಿಯ ಹೆಸರು ಬೇರೆ ಅಕ್ಷರದಲ್ಲಿ ಹಾಕಬಹುದೇ ಎಂದು ಕೇಳಿದರು. "ಹುಡುಗಂದು ಒಂದು ನಮೂನಿ, ಹುಡುಗೀದು ಒಂದು ನಮೂನಿ ಆದ್ರ ಹೆಂಗ್ರಿ? ಎರಡೂ ಒಂದ ಇರ್ಬೇಕು" ಎಂದರಂತೆ. ನ್ಯಾಯವಾದ ಮಾತು. ಕಾರ್ಡಿನಲ್ಲಿ ಗಂಡು ಹೆಣ್ಣು ಒಂದೇ ಥರ ಕಾಣಬೇಕು ಎನ್ನುವುದರಲ್ಲಿ ಅವರಿಗೆ ಯಾವ ಅನುಮಾನವೂ ಇರಲಿಲ್ಲ.

ಆ ಒತ್ತನ್ನು ನಾನೇ ಬರೆದೆ. ಅವನು ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಬಿದಿರು ಕಡ್ಡಿ ತೆಗೆದು, ಶಾಯಿ ಅದ್ದಿ, ಹಾಳೆಗಟ್ಟಲೆ ಬರೆದೆ. ಕೆಟ್ಟದಾಗಿ ಬರೆಯಬೇಕು ಎಂದು ಒಂದು ಕ್ಷಣ ಅನ್ನಿಸಿತು. ಮದುವೆಯ ಕಾರ್ಡಿನಲ್ಲಿ ಅವಳ ಹೆಸರು ಕುಂಟುತ್ತ ಹೋಗಲಿ, ನೋಡಿದವರು ಇದೇನಿದು ಎನ್ನಲಿ. ಒಂದು ಹಾಗೆ ಬರೆದೂ ನೋಡಿದೆ. ಅಸಹ್ಯವಾಗಿತ್ತು, ಹರಿದು ಹಾಕಿದೆ. ಬರೆಯುತ್ತ ಬರೆಯುತ್ತ ಅವನ ಕೈ ನನ್ನ ಕೈಯೊಳಗೆ ಬಂದಿತು. ಎಲ್ಲಿ ಒತ್ತುತ್ತಾನೆ, ಎಲ್ಲಿ ಉಸಿರು ಬಿಡುತ್ತಾನೆ, ಎಲ್ಲಿ ಕಡ್ಡಿಯನ್ನು ಚೂರೇ ತಿರುಗಿಸುತ್ತಾನೆ, ಎಲ್ಲ ನೆನಪಾಯಿತು. ಮೂಗು ಒರೆಸಿಕೊಳ್ಳುತ್ತ, ಹಾಳೆಯ ಮೇಲೆ ಕಣ್ಣೀರು ಬೀಳದಂತೆ ಕತ್ತು ಓರೆ ಮಾಡಿಕೊಂಡು ಬರೆದೆ. ಒತ್ತು ಚೆನ್ನಾಗಿ ಬಂತು. ಹೇಳಿಕೊಳ್ಳಬಾರದು, ಅವನು ಬರೆದ ಎಷ್ಟೋ ಒತ್ತುಗಳಿಗಿಂತ ಚೆನ್ನಾಗಿ ಬಂತು. ಸ್ಕ್ಯಾನ್ ಮಾಡಿ ಗೂಡಿನಲ್ಲಿ ಕೂರಿಸಿದೆ. ಚೌಕ ಹೋಗಿ ಅವಳ ಹೆಸರು ಪೂರ್ತಿಯಾಯಿತು.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ನಾನು ಮೊದಲೇ ಹೇಳಿರಲಿಲ್ಲವೇ ಎಂದು ಅವ್ವ ಅನ್ನಬಹುದಿತ್ತು. ಅನ್ನಲಿಲ್ಲ. "ಅವ್ನ ಕೈಗೇನಾಗಿತ್ತು, ನಿನ್ನ ಕೈಲೇ ಬರಸ್ಕೊಂಡ್ನಾ?" ಎಂದು ಬೈಯುತ್ತ, ಸೆರಗಿನಿಂದ ನನ್ನ ಬೆರಳಿನ ಶಾಯಿ ತಿಕ್ಕಿದಳು. ಅದು ಹೋಗುವ ಶಾಯಿಯಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪಾರ್ಟಿಯವರು ಬಂದು ಪ್ರೂಫ್ ಓದಿ, ಅದರ ಮೇಲೆ ಓಕೆ ಎಂದು ಬರೆದು ಸಹಿ ಹಾಕಬೇಕು. ಆಮೇಲೆಯೇ ಅಚ್ಚಿಗೆ ಕಳಿಸುವುದು. ನಾಳೆ ಯಾರದೋ ಹೆಸರು ತಪ್ಪಾಗಿದೆ ಎಂದು ಜಗಳಕ್ಕೆ ಬರಬಾರದಲ್ಲ. ಅವನ ಅಪ್ಪ ಬರುತ್ತಾರೆ ಎಂದುಕೊಂಡಿದ್ದೆ. ಸೋದರಮಾವನ ಜೊತೆ ಅವನೇ ಬಂದ.

ಬಾಗಿಲಲ್ಲಿ ನಿಂತ. ಸೊರಗಿದ್ದ. ನನ್ನನ್ನು ನೋಡಿ, "ಮೇಡಂ, ಪ್ರೂಫ್ ಆಗೇತೇನ್ರಿ?" ಎಂದ.

ನಾನು ಎಲ್ಲದಕ್ಕೂ ತಯಾರಾಗಿದ್ದೆ, ಆ ಒಂದು ರೀ ಗೆ ತಯಾರಾಗಿರಲಿಲ್ಲ. ಜಗತ್ತಿನಲ್ಲಿ ಮರ್ಯಾದೆ ಕೊಟ್ಟರೆ ಕಣ್ಣೀರು ಬರುವುದುಂಟೇ? ಬಂತು. ನುಂಗಿಕೊಂಡು, "ಆಗೇತ್ರಿ ಸರ್, ಕುಂದ್ರಿ" ಎಂದು ಹಾಳೆ ಮುಂದಿಟ್ಟೆ.

ಮಾವ ಗಟ್ಟಿ ದನಿಯ, ನಗೆಮೊಗದ ಮನುಷ್ಯ. ಕನ್ನಡಕ ಏರಿಸಿ, ಒಂದೊಂದೇ ಹೆಸರನ್ನು ಓದುತ್ತ, ಓದಿದ ಹೆಸರಿಗೆಲ್ಲ "ಇವ ಬರಾಂವಲ್ಲ ಬಿಡು", "ಇಕಿ ಬಂದ್ರ ಹದಿನೈದು ದಿನ ಹೋಗಂಗಿಲ್ಲ" ಎಂದು ಟೀಕೆ ಹಚ್ಚುತ್ತ ಹೋದರು. ಅವನು ಸಾದಾ ಸಾಲುಗಳನ್ನು ಓದಲೇ ಇಲ್ಲ. ಎರಡು ಹೆಸರುಗಳನ್ನೇ ನೋಡುತ್ತಿದ್ದ. ಅವನ ಹೆಬ್ಬೆರಳು ಆ ಒತ್ತಿನ ಹತ್ತಿರ ಬಂದು ನಿಂತಿತು. ಅದು ತಾನು ಬರೆದದ್ದಲ್ಲ ಎಂದು ಈ ಭೂಮಿಯ ಮೇಲೆ ಅವನಿಗೊಬ್ಬನಿಗೇ ತಿಳಿಯುತ್ತದೆ. ಯಾರು ಬರೆದಿರಬಹುದು ಎಂದು ತಿಳಿಯಲು ಎಷ್ಟು ಹೊತ್ತು ಬೇಕು? ತಲೆ ಎತ್ತಿ ನನ್ನನ್ನು ನೋಡಿದ. ಮುಖದಲ್ಲಿ ರಕ್ತ ಇರಲಿಲ್ಲ.

ಅಷ್ಟರಲ್ಲಿ ಮಾವ ಓದು ಮುಗಿಸಿ, ಹಾಳೆಯನ್ನು ದೂರ ಹಿಡಿದು ನೋಡಿ, "ಈ ಹೆಸರಿನ ಅಕ್ಷರ ಭಾಳ ಚಂದ ಅದಾವ ನೋಡ್ರಿ ಮೇಡಂ. ಯಾರು ಬರದಾರಿವನ್ನ?" ಎಂದರು.

ನಾನು ಅವನನ್ನು ನೋಡಿದೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಅವನು ಬೇಕಿರಲಿಲ್ಲ. ಮದುವೆ ಮುರಿಯಲಿ ಎಂದೂ ಇರಲಿಲ್ಲ. ನಾನು ಎನ್ನುವ ಒಂದು ಮಾತು ಬೇಕಿತ್ತು. ನಾನು ಬರೆದದ್ದು ಮಾಮ, ಎಂದರೆ ಸಾಕಿತ್ತು. ನನ್ನ ಹೆಸರು ಹೇಳುವುದೂ ಬೇಕಿರಲಿಲ್ಲ. ಆ ಮಾವ ಹಿಗ್ಗಿ ಅವನ ಬೆನ್ನು ತಟ್ಟುತ್ತಿದ್ದರು, ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಅದನ್ನಾದರೂ ಅವನು ತನ್ನವರ ಮುಂದೆ ಹೇಳಲಿ ಎಂದು ಕಾದೆ.

"ಯಾರೂ ಬರ್ಯಂಗಿಲ್ಲ ಮಾಮ" ಎಂದ, ಹಾಳೆಯ ಕಡೆ ನೋಡುತ್ತ. "ಕಂಪ್ಯೂಟರಿನ್ಯಾಗ ಮೊದ್ಲ ಇರ್ತಾವು."

ಯಾಕೆ ಹಾಗೆಂದ ಎಂದು ನನಗೆ ಗೊತ್ತು. ನಾನು ಎಂದರೆ, ಯಾವಾಗ ಬರೆದೆ, ಎಲ್ಲಿ ಬರೆದೆ, ಯಾರ ಜೊತೆ ಎಂದು ಮಾತು ಬೆಳೆಯುತ್ತದೆ. ಅಲ್ಲಿಗೇ ಮುಗಿಸಿದ. ಆದರೆ ಮಾವನಿಗೆ ನಂಬಿಕೆ ಬರಲಿಲ್ಲ. ಕಾಗದದ ಮೇಲೆ ಬೆರಳಾಡಿಸಿ, "ಇಲ್ಲಪಾ, ಇದು ಯಾರೋ ಮನಶಾರ ಬರದಂಗ ಐತಿ. ಹೌದಿಲ್ರಿ ಮೇಡಂ?" ಎಂದು ನನ್ನನ್ನೇ ಕೇಳಿದರು.

"ಹೌದ್ರಿ" ಎಂದೆ. "ಬರದೋರು ಒಬ್ರು ಇದ್ರು."

"ಹೌದಾ? ಈಗ ಎಲ್ಲದಾರ್ರಿ?"

"ಈಗ ಇಲ್ರಿ."

ಮಾವನ ಮುಖ ಇಳಿಯಿತು. ಕನ್ನಡಕ ತೆಗೆದು, "ಅಯ್ಯಯ್ಯ ಪಾಪ" ಎಂದು ಲೊಚಗುಟ್ಟಿದರು. "ಎಂಥಾ ಕೈ ಇತ್ತು! ಶಿವ ಇಂಥೋರನ್ನ ಜಲ್ದಿ ಕರ್ಕೊಂತಾನ." ಆಮೇಲೆ ಪಕ್ಕದಲ್ಲಿದ್ದವನ ಭುಜ ಮುಟ್ಟಿ, "ಹಾಕಪಾ ಸಹಿ, ಹೊತ್ತಾತು" ಎಂದರು.

ಅವನು ಪೆನ್ನು ಹಿಡಿದು ಕೂತೇ ಇದ್ದ. "ಓಕೆ ಅಂತ ಬರೀರಿ ಸರ್, ಅದರ ಕೆಳಗ ಸಹಿ" ಎಂದೆ. ಅವನು ಬರೆದ. ಹಾಳೆ ತೆಗೆದುಕೊಂಡು ಒಳಗೆ ಹೋಗಿ, ಕಾರ್ಡಿನ ಬಂಡಲುಗಳ ನಡುವೆ ಕೂತು, ಬಾಯಿಗೆ ದುಪಟ್ಟಾ ತುರುಕಿಕೊಂಡು, ಸತ್ತವರಿಗೆ ಅಳುವ ಹಾಗೆ ಅತ್ತೆ.